ಪಾಸಿಟಿವ್ ತಾಯಿಗೆ ಐಸಿಟಿ ಯಾಕೆ ಅಂದವರಿಗೆ

"ಡಿ ಪಾಸಿಟಿವ್ ತಾಯಿಗೆ ಐಸಿಟಿ ಯಾಕ್ರೀ? ಸುಮ್ನೆ ಸೀರಾ ದಂಡ" ಅಂದಿದ್ದವರು ನಮ್ಮ ಡಾಕ್ಟರೇ. ಈಗ ಅವರೇ ಸ್ಯಾಂಪಲ್ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಐಸಿಟಿ ಅಂದರೆ ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್: ಮಗುವಿನ ಕೆಂಪುಕಣ ಒಡೆಯಬಲ್ಲ ಆಂಟಿಬಾಡಿ ತಾಯಿಯ ರಕ್ತದಲ್ಲಿದೆಯೇ ಅಂತ ನೋಡುವ ಪರೀಕ್ಷೆ. ಅದಕ್ಕೆ ಬಳಸುವ ದ್ರವವೇ ಸೀರಾ. ಡಿ ಪಾಸಿಟಿವ್, ಅಂದರೆ ಪಾಸಿಟಿವ್ ಗುಂಪಿನ ತಾಯಿಗೆ ಡಿ ವಿರುದ್ಧ ಆಂಟಿಬಾಡಿ ಬರುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ, ಆದರೆ ಬೇರೆ ಆಂಟಿಜನ್‌ಗಳ (ಕಣದ ಮೇಲಿನ ಗುರುತುಗಳ) ವಿರುದ್ಧ ಬರಬಹುದು.

ನಮ್ಮದು ಚಿಕ್ಕ ಬ್ಲಡ್ ಬ್ಯಾಂಕ್. ಈ ಟೆಸ್ಟಿಗೆ ಬೇಕಾದ, ಯಾವ ಆಂಟಿಜನ್ ಇದೆ ಅಂತ ಗೊತ್ತಿರುವ ಕೆಂಪುಕಣಗಳು, ಅಂದರೆ ಹೊರದೇಶದ ಮೂರು ಸೆಲ್‌ಗಳ ಸೆಟ್‌ಗೆ ತಿಂಗಳಿಗೆ 6 ಸಾವಿರದ ಹತ್ತಿರ ಕೇಳಿದರು. ಕೈಗೆ ಸೇರುವಷ್ಟರಲ್ಲಿ ಅರ್ಧ ಅವಧಿ ಮುಗಿದಿರುತ್ತಿತ್ತು. ಹಾಗಾಗಿ ನಾನೂ ಓ ಗುಂಪಿನ ಪೂಲ್ ಸೆಲ್ ಹಾಕಿಕೊಂಡು ಕಾಲ ತಳ್ಳುತ್ತಿದ್ದೆ. ಮೂವರ ಸೆಲ್ ಬೆರೆಸಿದಾಗ ಒಬ್ಬರಲ್ಲಿ ಮಾತ್ರ ಇರುವ ಆಂಟಿಜನ್ ತೆಳುವಾಗಿಬಿಡುತ್ತದೆ, ವೀಕ್ ಆಂಟಿಬಾಡಿ ಕಣ್ಣಿಗೆ ಬೀಳುವುದಿಲ್ಲ. ಬಿ ಪಾಸಿಟಿವ್ ತಾಯಿಯೊಬ್ಬರ ಎರಡನೇ ಮಗುವಿಗೆ ಕಾಮಾಲೆ ಏರಿ ರಕ್ತ ಬದಲಿಸಬೇಕಾಯಿತು. ನನ್ನ ರಿಪೋರ್ಟ್ ನೆಗೆಟಿವ್ ಅಂತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದೇ ಸೆಟ್ ಮಾಡೋಣ ಅಂತ ಹೊರಟೆ. ಬಿಗ್ ಸಿ, ಸ್ಮಾಲ್ ಸಿ, ಬಿಗ್ ಇ, ಸ್ಮಾಲ್ ಇ, ಕೆಲ್ ಎಂಬ ಆಂಟಿಜನ್‌ಗಳನ್ನು ಗುರುತಿಸುವ ಸೀರಾಗಳಿಗೆ ಸುಮಾರು 15 ಸಾವಿರ ಹೋಯಿತು. ಆಫೀಸಿನಲ್ಲಿ ಬಿಲ್ ಮೂರು ಸಲ ವಾಪಸ್ ಬಂತು. ಸೆಟ್ಟಿಗೆ ಮೂರು ಬಗೆಯ ಓ ಗುಂಪಿನ ದಾನಿಗಳು ಬೇಕು. ಆರ್‌ಒನ್ ಆರ್‌ಒನ್ (ಡಿ, ಬಿಗ್ ಸಿ, ಸ್ಮಾಲ್ ಇ ಇದ್ದು ಸ್ಮಾಲ್ ಸಿ ಇಲ್ಲದವರು) ಹುಡುಕುವುದು ಕಷ್ಟವಲ್ಲ, ನಮ್ಮ ಜನರಲ್ಲಿ ಹತ್ತರಲ್ಲಿ ನಾಲ್ಕು ಜನ ಅವರೇ. ಡಿ ಇಲ್ಲದ, ಸ್ಮಾಲ್ ಸಿ ಇರುವ ಓ ನೆಗೆಟಿವ್ ದಾನಿಗಳ ಲಿಸ್ಟ್ ಇತ್ತು. ಆದರೆ ಆರ್‌ಟು ಆರ್‌ಟು? ಅವರಲ್ಲಿ ಡಿ, ಸ್ಮಾಲ್ ಸಿ, ಬಿಗ್ ಇ ಇರಬೇಕು, ಬಿಗ್ ಸಿ ಇರಬಾರದು. ಸುಮಾರು 200 ಓ ಪಾಸಿಟಿವ್ ದಾನಿಗಳನ್ನು ಟೈಪ್ ಮಾಡಿದ ಮೇಲೆ ಇಬ್ಬರು ಸಿಕ್ಕರು. ಒಬ್ಬ ಆಟೋ ಡ್ರೈವರ್, ಇನ್ನೊಬ್ಬ ಕಾಲೇಜು ಹುಡುಗ. ಒಪ್ಪಿಗೆ ಕೇಳಿ ತಿಂಗಳಿಗೊಮ್ಮೆ 5 ಎಂಎಲ್ ತೆಗೆಯುತ್ತೇವೆ.

ಮೊದಲ ನಾಲ್ಕು ಬ್ಯಾಚ್ ಹಾಳು. ಆಟೋಕ್ಲೇವ್‌ನಲ್ಲಿ ಜಾಸ್ತಿ ಹೊತ್ತು ಇಟ್ಟು, ಸೆಲ್ ಕೆಡದಂತೆ ಇಡುವ ಆಲ್ಸೀವರ್ಸ್ ದ್ರಾವಣ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗಿತು. ಇನ್ನೊಂದರಲ್ಲಿ ಎಂಟೇ ದಿನಕ್ಕೆ ಹೀಮೋಲಿಸಿಸ್ (ಕಣ ಒಡೆಯುವುದು), ಎಲ್ಲೋ ಕೀಟಾಣು ಸೇರಿತ್ತು. ಕೊನೆಗೆ ಮೂರು ವಾರ ನಿಲ್ಲುವಂತೆ ಮಾಡಿದೆ. ಅದಕ್ಕೆ ಎರಡು ಸಣ್ಣ ಬದಲಾವಣೆ ಮಾಡಿದ್ದೇನೆ. ಅವನ್ನು ಇಲ್ಲಿ ಹೇಳುವುದಿಲ್ಲ, ಬಂದು ನೋಡಿ. ಆದರೆ ಇಷ್ಟಂತೂ ಮಾಡಿ: ವೀಕ್ ಆಂಟಿಬಾಡಿಯೂ ಸಿಗುತ್ತದೆಯೇ ಅಂತ ನೋಡಲು ಪ್ರತಿದಿನ ತೆಳು ಮಾಡಿದ ಆಂಟಿ-ಡಿ ಕಂಟ್ರೋಲ್ ಹಾಕಿ, ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಚೆಕ್ ಸೆಲ್ (ಮೊದಲೇ ಆಂಟಿಬಾಡಿ ಅಂಟಿಸಿದ ಕಣ, ಕೂಂಬ್ಸ್ ಸೀರಾ ಕೆಲಸ ಮಾಡಿದೆಯೇ ಅಂತ ತೋರಿಸುತ್ತದೆ) ಹಾಕಿ.

ಆ ತಾಯಿ ಮೂರನೇ ಬಸುರಿನಲ್ಲಿ ಮತ್ತೆ ಬಂದರು. ಆರ್‌ಒನ್ ಸೆಲ್ ನೆಗೆಟಿವ್. ಆರ್‌ಟು ಮತ್ತು ಓ ನೆಗೆಟಿವ್ ಸೆಲ್ ಎರಡೂ ಪಾಸಿಟಿವ್. ಆ ಪ್ಯಾಟರ್ನ್ ನೋಡಿದ್ದೇ ತಡ, ಆಂಟಿ-ಸ್ಮಾಲ್ ಸಿ (ಸ್ಮಾಲ್ ಸಿ ವಿರುದ್ಧದ ಆಂಟಿಬಾಡಿ) ಅಂತ ಕೂಗಿಬಿಟ್ಟೆ. ಆದರೂ ಪಕ್ಕಾ ಮಾಡಿಕೊಳ್ಳಲು ದೊಡ್ಡ ಲ್ಯಾಬಿಗೆ ಕಳಿಸಿದೆ, ಅವರ 11 ಸೆಲ್ ಪ್ಯಾನೆಲ್ ಹೌದು ಅಂತು. ಹೆರಿಗೆಗೆ ಮೊದಲೇ ಮಗುವಿಗೆ ಅಂತ ಓ ಗುಂಪಿನ ಆರು ಚೀಲ ಟೈಪ್ ಮಾಡಿ, ಸ್ಮಾಲ್ ಸಿ ಇಲ್ಲದ ಎರಡನ್ನು ತಾಯಿಯ ಸೀರಮ್ಮಿಗೆ ಕ್ರಾಸ್‌ಮ್ಯಾಚ್ ಮಾಡಿಟ್ಟೆ. ಒಂದೇ ಚೀಲ ಬೇಕಾಯಿತು. ಮಗು ಎಂಟನೇ ದಿನ ಮನೆಗೆ ಹೋಯಿತು.

ಒಂದು ವರ್ಷದಲ್ಲಿ, ರಿಜಿಸ್ಟರ್ ನೋಡದೆ ಹೇಳುತ್ತಿದ್ದೇನೆ, ಸಾವಿರಕ್ಕೂ ಜಾಸ್ತಿ ಸ್ಯಾಂಪಲ್ ಮಾಡಿ ಹದಿನೈದಿಪ್ಪತ್ತು ಆಂಟಿಬಾಡಿ ಹಿಡಿದಿರಬಹುದು. ಥಲಸ್ಸೀಮಿಯಾ ಮಗುವೊಂದರ ಆಂಟಿ-ಕಿಡ್ (ಕಿಡ್ ಆಂಟಿಜನ್ ವಿರುದ್ಧದ ಆಂಟಿಬಾಡಿ) ಮುಂದಿನ ವರ್ಷ ಮಾಯವಾಗಿತ್ತು. ಕಾರ್ಡಿನಲ್ಲಿ ಬರೆದಿಟ್ಟಿರದಿದ್ದರೆ ತಪ್ಪು ರಕ್ತ ಹೋಗುತ್ತಿತ್ತು, ಅಲ್ವಾ? ಒಮ್ಮೆ ಮೂರೂ ಸೆಲ್ ಜೋರಾಗಿ ಪಾಸಿಟಿವ್, ಆಟೋ (ರೋಗಿಯ ಸ್ವಂತ ಸೆಲ್ ಜೊತೆ ಮಾಡುವ ಟೆಸ್ಟ್) ನೆಗೆಟಿವ್. ಅರ್ಧ ದಿನ ಒದ್ದಾಡಿದ ಮೇಲೆ ಆಂಟಿ-ಎಚ್ ಹಾಕಿದೆ. ಅದು ಓ ಸೆಲ್‌ಗಳಲ್ಲೂ ಇರುವ ಎಚ್ ಆಂಟಿಜನ್ ಇಲ್ಲದ ಬಾಂಬೆ ಗುಂಪು!

ಪಶು ಆಸ್ಪತ್ರೆಯಿಂದ ವೀರ್ಯ ಇಡುವ ಲಿಕ್ವಿಡ್ ನೈಟ್ರೋಜನ್ ಕ್ಯಾನ್ ಬೇಡಿ ತಂದು ಸೆಲ್ ಹನಿಗಳನ್ನೂ ಫ್ರೀಜ್ ಮಾಡಿ ನೋಡಿದೆ. ಕರಗಿಸಿದಾಗ ಅರ್ಧ ಉಳಿಯಿತು. ಆರ್‌ಟು ದಾನಿಗಳು ಇಬ್ಬರೇ, ಹಾಗಾಗಿ ಈಗ ಅದನ್ನು ಬಿಡುವಂತಿಲ್ಲ. ಕಾಲೇಜು ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಆಟೋದವರು ಶುಗರ್ ಮಾತ್ರೆ ಶುರು ಮಾಡಿದ್ದಾರೆ.