ತಪ್ಪು ಲೆಕ್ಕ ಕೊಡುತ್ತಿದ್ದ ಕೌಂಟರ್, ಕೊನೆಗೂ ಸರಿಯಾಯ್ತು

ವೆಬ್‌ಸೈಟ್ ಕಟ್ಟಲು ಬಳಸುವ ಎಎಸ್‌ಪಿ ಡಾಟ್ ನೆಟ್‌ನ ಹಳೇ ಪ್ರಾಜೆಕ್ಟ್ ಒಂದರಲ್ಲಿ ಎಷ್ಟು ಜನ ಬಂದರು ಅಂತ ಎಣಿಸುವ ಕೌಂಟರ್ ಅಪ್ಲಿಕೇಶನ್ ವೇರಿಯಬಲ್‌ನಲ್ಲಿತ್ತು, ಅಂದರೆ ಸೈಟ್‌ಗೆ ಬರುವ ಎಲ್ಲರಿಗೂ ಸೇರಿ ಸರ್ವರ್ ಮೆಮೊರಿಯಲ್ಲಿ ಇರುವ ಒಂದೇ ಸಂಖ್ಯೆ. ನಾನೊಬ್ಬನೇ ಟೆಸ್ಟ್ ಮಾಡಿದರೆ ಲೆಕ್ಕ ಸರಿ, ಒಟ್ಟಿಗೆ ಹತ್ತಾರು ರಿಕ್ವೆಸ್ಟ್ ಬಂದರೆ ಕಡಿಮೆ. ಲಾಗ್ ಹಾಕಿ ನೋಡಿದೆ: ಎರಡು ರಿಕ್ವೆಸ್ಟ್ ಒಂದೇ ಹೊತ್ತಿಗೆ 41 ಅಂತ ಓದಿ, ಎರಡೂ 42 ಅಂತಲೇ ಬರೆದಿದ್ದವು. ಒಂದು ಎಣಿಕೆ ಮಾಯ! ಕೋಡ್ ಒಂದೇ ಸಾಲು, ಆದರೆ ಒಳಗೆ ಓದು, ಕೂಡಿಸು, ಬರೆ ಅಂತ ಮೂರು ಕೆಲಸ ಅಲ್ವಾ.

ಓದುವ ಮೊದಲು ಅಪ್ಲಿಕೇಶನ್ ಡಾಟ್ ಲಾಕ್, ಬರೆದ ಮೇಲೆ ಅನ್‌ಲಾಕ್ ಹಾಕಿದೆ; ಒಂದು ರಿಕ್ವೆಸ್ಟ್ ಲಾಕ್ ಹಿಡಿದಿರುವಾಗ ಉಳಿದವು ಕಾಯಬೇಕು. ಅನ್‌ಲಾಕ್ ಇರುವುದು ಫೈನಲಿ ಬ್ಲಾಕ್‌ನಲ್ಲಿ (ಎರರ್ ಬಂದರೂ ಬರದಿದ್ದರೂ ಕೊನೆಗೆ ಓಡುವ ಕೋಡ್), ನಡುವೆ ಎರರ್ ಬಂದರೂ ಲಾಕ್ ಹಿಡಿದುಕೊಂಡು ಕೂರಬಾರದಲ್ಲ. ಮೊದಲ ಸಲ ಸುಮ್ನೆ ಡೇಟಾಬೇಸ್ ಕ್ವೆರಿಯನ್ನೂ ಲಾಕ್ ಒಳಗೇ ಸೇರಿಸಿ ಇಡೀ ಸೈಟ್ ತೆವಳುವ ಹಾಗೆ ಮಾಡಿದ್ದೆ, ಅದನ್ನು ಹೊರಗೆ ಹಾಕಿದೆ. ಈಗ ಲೆಕ್ಕ ತಪ್ಪುತ್ತಿಲ್ಲ. ಅಪ್ಲಿಕೇಶನ್ ರೀಸ್ಟಾರ್ಟ್ ಆದರೆ ಮಾತ್ರ ಮತ್ತೆ ಸೊನ್ನೆ, ಅದಕ್ಕೇ ಒಟ್ಟು ಸಂಖ್ಯೆಯನ್ನು ಡೇಟಾಬೇಸ್‌ಗೆ ಸಾಗಿಸುತ್ತಿದ್ದೇನೆ.