500 ಡಾಲರ್ ಚಾರ್ಜರ್, 6,800 ಡಾಲರ್ ಕೊಟೇಶನ್: ಅಮೆರಿಕದಲ್ಲಿ ಮನೆಗೆ ಇವಿ ಚಾರ್ಜರ್ ಹಾಕಿಸುವ ಮುಂಚೆ

ಬೆಂಗಳೂರಿನಲ್ಲಿ ನಮ್ಮ ಭಾವ ಎಲೆಕ್ಟ್ರಿಕ್ ಕಾರು ತಂದಾಗ ಪಾರ್ಕಿಂಗ್ ಜಾಗದಲ್ಲಿ 16 ಆಂಪ್ಸ್ ಸಾಕೆಟ್ ಒಂದನ್ನು ಹಾಕಿಸಿದರು, ಅಷ್ಟೇ. ರಾತ್ರಿ ಸಿಕ್ಕಿಸಿಟ್ಟರೆ ಬೆಳಗ್ಗೆ ಹೊತ್ತಿಗೆ ದಿನದ ಓಡಾಟಕ್ಕೆ ಸಾಕಾಗುತ್ತಿತ್ತು. ಅದನ್ನು ಕಣ್ಣಾರೆ ನೋಡಿದ್ದೆನಲ್ಲ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನಮ್ಮ ಮನೆಗೆ ಕಾರು ಬುಕ್ ಮಾಡಿದಾಗ ಚಾರ್ಜರ್ ಬಗ್ಗೆ ಜಾಸ್ತಿ ಯೋಚಿಸಲಿಲ್ಲ. ಆನ್‌ಲೈನಿನಲ್ಲಿ 500 ಡಾಲರ್ ಕೊಟ್ಟು 48 ಆಂಪ್ಸ್ ಚಾರ್ಜರ್ ತರಿಸಿಬಿಟ್ಟೆ.

ಎಲೆಕ್ಟ್ರಿಷಿಯನ್ ಬಂದರು. ಮನೆಯ ಬದಿಯ ಗೋಡೆಯಲ್ಲಿದ್ದ, ಬ್ರೇಕರ್‌ಗಳೆಲ್ಲ ಇರುವ ಕರೆಂಟ್ ಪ್ಯಾನೆಲ್‌ನ ಬಾಗಿಲು ತೆಗೆದರು. ಜೇಡರ ಬಲೆ ಸರಿಸಿ, ಎಲ್ಲಕ್ಕಿಂತ ಮೇಲಿದ್ದ ದಪ್ಪ ಬ್ರೇಕರ್ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಟಾರ್ಚ್ ಬಿಟ್ಟು ತೋರಿಸಿದರು. 100 ಅಂತ ಕೆತ್ತಿತ್ತು. "ಇಡೀ ಮನೆಗೆ ಇರುವುದು ಇಷ್ಟು. ನಿಮ್ಮ ಚಾರ್ಜರ್ ಒಂದಕ್ಕೇ 60 ಬೇಕು" ಅಂದರು. ಎರಡು ದಿನ ಬಿಟ್ಟು ಕೊಟೇಶನ್ ಬಂತು. 6,800 ಡಾಲರ್.

ಕೊನೆಗೆ ನಮಗೆ ಆದ ಖರ್ಚು ಅದರ ಆರನೇ ಒಂದು ಭಾಗ. ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ದುಡ್ಡು ಎಲ್ಲೆಲ್ಲಿ ಹೋಗುತ್ತದೆ ಅಂತ ಗೊತ್ತಾಗಬೇಕು.

ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ವೋಲ್ಟೇಜ್ 230. 16 ಆಂಪ್ಸ್ ಸಾಕೆಟ್‌ನಿಂದ ಮೂರೂವರೆ ಕಿಲೋವ್ಯಾಟ್ ಹತ್ತಿರ ಸಿಗುತ್ತದೆ. ಇಲ್ಲಿ ಗೋಡೆಯ ಮಾಮೂಲಿ ಪ್ಲಗ್ 120 ವೋಲ್ಟ್. ಅದರಿಂದ ಕಾರು ಎಳೆಯುವುದು 12 ಆಂಪ್ಸ್, ಅಂದರೆ 1.4 ಕಿಲೋವ್ಯಾಟ್. ಇದನ್ನು ಲೆವೆಲ್ 1 ಅನ್ನುತ್ತಾರೆ. ಇದಕ್ಕಿಂತ ವೇಗದ ಲೆವೆಲ್ 2ಗೆ ಬಟ್ಟೆ ಒಣಗಿಸುವ ಡ್ರೈಯರ್‌ಗೆ ಇರುವಂಥ 240 ವೋಲ್ಟ್ ಲೈನ್ ಬೇಕು. ಅದನ್ನು ಪ್ಯಾನೆಲ್‌ನಿಂದ ಗ್ಯಾರೇಜ್‌ವರೆಗೆ ಹೊಸದಾಗಿ ಎಳೆಯಬೇಕು.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಅಂತ ಇರುತ್ತದೆ ಅಲ್ವಾ, ಇಲ್ಲಿ ಹೆಚ್ಚುಕಡಿಮೆ ಅದೇ ಪಾತ್ರ ಮೇನ್ ಬ್ರೇಕರ್‌ನದು. 60-70ರ ದಶಕದ ಮನೆಗಳಲ್ಲಿ ಅದು 100 ಆಂಪ್ಸ್ ಇರುವುದೇ ಜಾಸ್ತಿ. ಹೊಸ ಮನೆಗಳಲ್ಲಿ ಸಾಮಾನ್ಯವಾಗಿ 200. ಚಾರ್ಜರ್ ಗಂಟೆಗಟ್ಟಲೆ ಒಂದೇ ಸಮ ಕರೆಂಟ್ ಎಳೆಯುತ್ತದೆ. ಅದಕ್ಕೇ ಅದು ಎಳೆಯುವುದಕ್ಕಿಂತ ಕಾಲು ಭಾಗ ಜಾಸ್ತಿ ತಾಳುವ ಬ್ರೇಕರ್ ಇರಬೇಕು ಅಂತ ಇಲ್ಲಿನ ಎಲೆಕ್ಟ್ರಿಕಲ್ ಕೋಡ್ ಹೇಳುತ್ತದೆ. 32 ಆಂಪ್ಸ್ ಚಾರ್ಜರ್‌ಗೆ 40ರ ಬ್ರೇಕರ್, 40ಕ್ಕೆ 50, 48ಕ್ಕೆ 60. ಡಬ್ಬಿ ಮೇಲೆ 48 ಅಂತ ನೋಡಿ ಕೊಂಡವರು ಎಡವುವುದು ಇಲ್ಲೇ.

ಪ್ಯಾನೆಲ್ ಬದಲಿಸಲು ಸಾಮಾನ್ಯವಾಗಿ 2,000ದಿಂದ 5,000 ಡಾಲರ್ ಕೇಳುತ್ತಾರೆ. ನಾವಿರುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಅದಕ್ಕೂ ಮೇಲೆ ಹೋಗುತ್ತದೆ. ಇದರ ಹಿಂದೆ ಸಣ್ಣಸಣ್ಣ ಬಾಲಗಳಿವೆ. ಸರ್ವಿಸ್, ಅಂದರೆ ಮನೆಗೆ ಬರುವ ಕರೆಂಟ್ ಸಂಪರ್ಕ, ಬದಲಾದರೆ ಈಗಿನ ಕೋಡ್ ಪ್ರಕಾರ ಸರ್ಜ್ ಪ್ರೊಟೆಕ್ಟರ್ ಹಾಕಬೇಕು, ಮನೆ ಹೊರಗೆ ಕರೆಂಟ್ ಕಡಿಯುವ ತುರ್ತು ಸ್ವಿಚ್ ಇರಬೇಕು, ಅರ್ಥಿಂಗ್ ಸರಿಪಡಿಸಬೇಕಾಗಬಹುದು. ಕಿತ್ತ ಗೋಡೆಗೆ ಮತ್ತೆ ಗಾರೆ ಮೆತ್ತಿ ಬಣ್ಣ ಹೊಡೆಯುವುದು ಕೊಟೇಶನ್‌ನಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ನಿಮ್ಮ ಬೀದಿಯಲ್ಲಿ ಕರೆಂಟ್ ಲೈನ್ ನೆಲದೊಳಗೆ ಬಂದಿದ್ದರೆ, ಅದನ್ನೂ ದಪ್ಪ ಮಾಡಬೇಕು ಅಂತಾದರೆ, ನೆಲ ಅಗೆಯುವ ಖರ್ಚು ಉಳಿದೆಲ್ಲವನ್ನೂ ಮೀರಿಸಬಹುದು. ಕರೆಂಟ್ ಕಂಪನಿಯವರಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ತಂತಿಯಲ್ಲೂ ಒಂದು ಸೂಕ್ಷ್ಮ ಇದೆ. ಗೋಡೆಯೊಳಗೆ ಎಳೆಯುವ 6 ಗೇಜ್ ರೋಮೆಕ್ಸ್ ಕೇಬಲ್‌ನ ಮಿತಿ 55 ಆಂಪ್ಸ್. 48 ಆಂಪ್ಸ್ ಚಾರ್ಜರ್‌ಗೆ ಅದು ಸಾಲದು. ಇನ್ನೂ ದಪ್ಪದ 4 ಗೇಜ್ ಬೇಕು, ಇಲ್ಲವೇ ಪೈಪಿನೊಳಗೆ ಬಿಡಿ ತಂತಿ ಎಳೆಯಬೇಕು. ತಾಮ್ರದ ಬೆಲೆ ಗೊತ್ತಲ್ಲ. ಪ್ಯಾನೆಲ್ ಮನೆಯ ಒಂದು ಮೂಲೆ, ಗ್ಯಾರೇಜ್ ಇನ್ನೊಂದು ಮೂಲೆ ಅಂದರೆ ಒಂದೊಂದು ಅಡಿಗೂ ಇಷ್ಟು ಅಂತ ಏರುತ್ತಲೇ ಹೋಗುತ್ತದೆ. "ಇನ್‌ಸ್ಟಲೇಶನ್ ಫ್ರೀ" ಅನ್ನುವ ಆಫರ್‌ಗಳಲ್ಲಿ ಸಣ್ಣ ಅಕ್ಷರದಲ್ಲಿ ಈ ದೂರದ ಮಿತಿಯೇ ಇರುತ್ತದೆ, ಓದಿ ನೋಡಿ.

ಚಾರ್ಜರ್ ಅನ್ನು ಪ್ಲಗ್‌ಗೆ ಸಿಕ್ಕಿಸುವಂತೆ ಮಾಡಿಸಿದರೆ, 2020ರ ಇಲ್ಲವೇ ಆಮೇಲಿನ ಕೋಡ್ ಒಪ್ಪಿಕೊಂಡ ಊರುಗಳಲ್ಲಿ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಜಿಎಫ್‌ಸಿಐ ಬ್ರೇಕರ್ ಬೇಕು. ಅದು ಮಾಮೂಲಿ ಬ್ರೇಕರ್‌ಗಿಂತ ಎಷ್ಟೋ ಪಟ್ಟು ದುಬಾರಿ. ಚಾರ್ಜರ್ ಒಳಗೂ ಅಂಥದ್ದೇ ರಕ್ಷಣೆ ಇರುವುದರಿಂದ ಎರಡೂ ಕಿತ್ತಾಡಿ ಸುಮ್ನೆ ಟ್ರಿಪ್ ಆಗುವುದೂ ಉಂಟು. ಅಗ್ಗದ ಸಾಕೆಟ್‌ಗಳು ರಾತ್ರಿಯಿಡೀ ಕಾದು ಕರಗಿದ ಉದಾಹರಣೆಗಳಿವೆ. ತಂತಿಯನ್ನು ನೇರವಾಗಿ ಚಾರ್ಜರ್‌ಗೇ ಕೂಡಿಸುವ ಹಾರ್ಡ್‌ವೈರ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಖರ್ಚೂ ಕಡಿಮೆ, ತಲೆನೋವೂ ಕಡಿಮೆ.

ಪರ್ಮಿಟ್ ಬೇಡ, ನಾನೇ ಮಾಡಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಾಳೆ ಬೆಂಕಿ ಗಿಂಕಿ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಆ ಕಾಗದವನ್ನೇ. ಆದರೆ ಪರ್ಮಿಟ್ ಜೊತೆ ಬರುವ ಒಂದು ಖರ್ಚು ನಮಗೆ ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1,000 ಡಾಲರ್ ದಾಟಿದ ಕೆಲಸಕ್ಕೆ ಪರ್ಮಿಟ್ ತೆಗೆದರೆ ಮನೆಯ ಹೊಗೆ ಅಲಾರಂಗಳು ನಿಯಮದಂತೆ ಇರಬೇಕು. ಇನ್ಸ್‌ಪೆಕ್ಟರ್ ಗ್ಯಾರೇಜ್ ನೋಡಿ ಮುಗಿಸಿ, ಮಲಗುವ ಕೋಣೆಗಳ ಸೀಲಿಂಗ್ ಕಡೆ ಕತ್ತೆತ್ತಿದರು. ನಮ್ಮ ಅಲಾರಂಗಳು ಹಳದಿ ತಿರುಗಿದ್ದವು. ಐದು ಹೊಸದು ತಂದು ಹಾಕಿದ ಮೇಲೇ ಸಹಿ ಬಿದ್ದದ್ದು. ಮಕ್ಕಳು ಮಲಗುವ ಮನೆ, ಆ ಖರ್ಚಿನ ಬಗ್ಗೆ ನನಗೆ ಬೇಸರ ಇಲ್ಲ.

ಈಗ ಉಳಿಸಿದ್ದು ಹೇಗೆ ಅನ್ನುವ ವಿಷಯ. ಒಂದು ಭಾನುವಾರ ಹೆಂಡತಿ ಕಾಗದ ಪೆನ್ನು ಹಿಡಿದು ಕೂತು ಕೇಳಿದಳು: "ನೀವು ದಿನಕ್ಕೆ ಎಷ್ಟು ಮೈಲಿ ಓಡಿಸ್ತೀರಿ?" ಆಫೀಸು, ಮಕ್ಕಳ ಸ್ಕೂಲು, ಸಂಗೀತದ ಕ್ಲಾಸು ಎಲ್ಲಾ ಸೇರಿ 30. ಒಂದು ಯೂನಿಟ್‌ಗೆ ಮೂರು ಮೈಲಿ ಅಂತ ಹಿಡಿದರೂ ಹತ್ತು ಯೂನಿಟ್. 20 ಆಂಪ್ಸ್ ಬ್ರೇಕರ್‌ನ 240 ವೋಲ್ಟ್ ಲೈನ್ ಇದ್ದರೆ 16 ಆಂಪ್ಸ್ ಎಳೆಯಬಹುದು. ಅಂದರೆ 3.8 ಕಿಲೋವ್ಯಾಟ್. ಎಂಟು ಗಂಟೆಗೆ 30 ಯೂನಿಟ್, ಹತ್ತಿರ ಹತ್ತಿರ 90 ಮೈಲಿ. ನಮಗೆ ಬೇಕಾದ ಮೂರು ಪಟ್ಟು! ಊರಿನಲ್ಲಿ ಭಾವ ಹಾಕಿಸಿದ್ದೂ ಇಷ್ಟೇ ಶಕ್ತಿಯದು.

ನಮ್ಮ ಮನೆಯಲ್ಲಿ ಒಲೆ, ಬಿಸಿನೀರು, ಹೀಟರ್ ಎಲ್ಲವೂ ಗ್ಯಾಸ್. ಬೇರೆ ಎಲೆಕ್ಟ್ರಿಷಿಯನ್ ಕರೆಸಿ, ಲೋಡ್ ಕ್ಯಾಲ್ಕುಲೇಶನ್ ಬರೆದುಕೊಡಿ ಅಂತ ಕೇಳಿದೆವು. ಮನೆಯ ವಿಸ್ತೀರ್ಣ, ಎಸಿ, ಡ್ರೈಯರ್ ಎಲ್ಲ ಸೇರಿಸಿ ಕೋಡ್ ಪ್ರಕಾರ ಮಾಡುವ ಲೆಕ್ಕ ಅದು. 20ರ ಬ್ರೇಕರ್‌ಗೆ ಹಳೇ ಪ್ಯಾನೆಲ್‌ನಲ್ಲೇ ಜಾಗ ಇತ್ತು. ಅದೇ 48ರ ಚಾರ್ಜರ್ ಅನ್ನು ಒಳಗಿನ ಸೆಟ್ಟಿಂಗ್‌ನಲ್ಲಿ 16ಕ್ಕೆ ಇಳಿಸಿದರು. ಪರ್ಮಿಟ್ ಸೇರಿ 1,150 ಡಾಲರ್. ಇದಕ್ಕಿಂತ ಜಾಸ್ತಿ ಬೇಕು, ಪ್ಯಾನೆಲ್ ಮಾತ್ರ ಬದಲಿಸಬಾರದು ಅನ್ನುವವರಿಗೆ ಲೋಡ್ ಮ್ಯಾನೇಜ್‌ಮೆಂಟ್ ಸಾಧನಗಳಿವೆ. ಡ್ರೈಯರ್ ಶುರುವಾದರೆ ಅವು ಕಾರಿನ ಕರೆಂಟ್ ತಗ್ಗಿಸುತ್ತವೆ. ಕೆಲವು ನೂರು ಡಾಲರ್ ಆಗುತ್ತದೆ, ಆದರೆ ಪ್ಯಾನೆಲ್ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹಾಗಂತ ಪ್ಯಾನೆಲ್ ಬದಲಿಸಲೇಬಾರದು ಅಂತಲ್ಲ. ಫೆಡರಲ್ ಪೆಸಿಫಿಕ್, ಜಿನ್ಸ್‌ಕೋ ಅಂತ ಹೆಸರಿರುವ ಹಳೇ ಪ್ಯಾನೆಲ್‌ಗಳ ಬ್ರೇಕರ್ ಟ್ರಿಪ್ ಆಗಬೇಕಾದಾಗ ಆಗದೇ ಹೋಗುವ ದೂರು ಹಳೆಯದು. ಅಂಥದ್ದಿದ್ದರೆ ಕಾರು ಇರಲಿ ಬಿಡಲಿ, ಬದಲಿಸಿಬಿಡಿ.

ಟೌನ್‌ಹೌಸ್, ಕಾಂಡೋಗಳಲ್ಲಿ ಇರುವವರ ಕಥೆ ಬೇರೆ. ಮೀಟರ್ ಒಂದು ಕಡೆ, ಕಾರು ನಿಲ್ಲುವುದು ಇನ್ನೊಂದು ಕಡೆ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಎಚ್‌ಒಎ (ಮನೆ ಮಾಲೀಕರ ಸಂಘ) ಸುಮ್ಮನೆ ಬೇಡ ಅನ್ನುವಂತಿಲ್ಲ. ಅರ್ಜಿ ಕೊಟ್ಟು 60 ದಿನದೊಳಗೆ ಬರಹದಲ್ಲಿ ತಿರಸ್ಕರಿಸದಿದ್ದರೆ, ಅವರು ಇನ್ನಷ್ಟು ಮಾಹಿತಿ ಕೇಳಿರದಿದ್ದರೆ, ಒಪ್ಪಿಗೆ ಸಿಕ್ಕಂತೆಯೇ. ಆದರೆ ಖರ್ಚು, ರಿಪೇರಿ, ಬಿಟ್ಟು ಹೋಗುವಾಗ ಕಿತ್ತು ಸರಿಮಾಡುವುದು ಎಲ್ಲವೂ ನಿಮ್ಮ ತಲೆ ಮೇಲೆ.

ಹೋಟೆಲ್ಲು, ಅಂಗಡಿ, ಕ್ಲಿನಿಕ್ ನಡೆಸುವ ನಮ್ಮವರಿಗೆ ಒಂದು ಮಾತು. ನಿಮ್ಮ ಖರ್ಚು ಹಾಕಿಸಿದ ದಿನಕ್ಕೇ ಮುಗಿಯುವುದಿಲ್ಲ. ಬಿಸಿನೆಸ್ ಕರೆಂಟ್ ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಅಂತ ಇದ್ದರೆ, ತಿಂಗಳಲ್ಲಿ ಯಾವುದೋ 15 ನಿಮಿಷ ನೀವು ಎಳೆದ ಅತಿ ಹೆಚ್ಚಿನ ಶಕ್ತಿಗೆ ಇಡೀ ತಿಂಗಳ ದುಡ್ಡು ಕಟ್ಟಬೇಕಾಗುತ್ತದೆ. ನಾಲ್ಕು 32 ಆಂಪ್ಸ್ ಚಾರ್ಜರ್‌ಗಳು ಅಂಗಡಿಗಳಲ್ಲಿ ಸಾಮಾನ್ಯವಾದ 208 ವೋಲ್ಟ್‌ನಲ್ಲಿ ಒಟ್ಟಿಗೆ ಓಡಿದರೆ ಸುಮಾರು 27 ಕಿಲೋವ್ಯಾಟ್. ಅಡುಗೆಮನೆ, ಎಸಿ ಎಲ್ಲ ಜೋರಾಗಿರುವ ಮಧ್ಯಾಹ್ನದ ಊಟದ ಹೊತ್ತಿಗೇ ನಾಲ್ಕು ಕಾರು ಬಂದವು ಅನ್ನಿ. ದರ ಕಿಲೋವ್ಯಾಟ್‌ಗೆ 20 ಡಾಲರ್ ಅಂತ ಇಟ್ಟುಕೊಂಡರೆ ಆ ತಿಂಗಳು 540 ಡಾಲರ್ ಹೆಚ್ಚು. ನಮ್ಮ ಕಡೆಯ ಕರೆಂಟ್ ಕಂಪನಿ ಪಿಜಿ ಆ್ಯಂಡ್ ಇಯಲ್ಲಿ ಡಿಮ್ಯಾಂಡ್ ಚಾರ್ಜ್ ಬದಲು ತಿಂಗಳ ಸಬ್‌ಸ್ಕ್ರಿಪ್ಷನ್ ಇರುವ ಬಿಸಿನೆಸ್ ಇವಿ ದರ ಇದೆ. ಅದಕ್ಕೆ ಚಾರ್ಜರ್‌ಗೆ ಪ್ರತ್ಯೇಕ ಮೀಟರ್ ಬೇಕು.

ಜೊತೆಗೆ ಪಾರ್ಕಿಂಗ್ ಲಾಟ್ ಕೊರೆದು ಪೈಪ್ ಹಾಕಿ ಮತ್ತೆ ಟಾರ್ ಹಾಕುವುದು, ಚಾರ್ಜರ್ ನೆಟ್‌ವರ್ಕ್ ಕಂಪನಿಗೆ ವರ್ಷವರ್ಷ ಕಟ್ಟುವುದು ಇದ್ದೇ ಇದೆ. ಸಾರ್ವಜನಿಕರಿಗೆ ಇಟ್ಟರೆ ವೀಲ್‌ಚೇರ್‌ನವರಿಗೂ ಅನುಕೂಲವಾಗುವ ಅಗಲವಾದ ಜಾಗ ಬಿಡಬೇಕು, ಇರುವ ಪಾರ್ಕಿಂಗ್ ಕಡಿಮೆಯಾಗುತ್ತದೆ. ಜಾಗ ಬಾಡಿಗೆಯದಾಗಿದ್ದರೆ, ಲೀಸ್ ಮುಗಿದ ಮೇಲೆ ಚಾರ್ಜರ್ ಯಾರದ್ದು ಅಂತ ಮೊದಲೇ ಬರೆಸಿಕೊಳ್ಳಿ.

ಚಾರ್ಜರ್ ಹಾಕಿಸಿದ್ದಕ್ಕೆ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ (ಕೇಂದ್ರ ತೆರಿಗೆಯಲ್ಲಿ ಕಡಿತ) ಇದೆಯಲ್ಲ ಅಂತ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಮನೆಗೆ ಖರ್ಚಿನ ಶೇ. 30, ಗರಿಷ್ಠ 1,000 ಡಾಲರ್ ಕೊಡುವ ಆ ಕ್ರೆಡಿಟ್ 2023ರಿಂದ ಕಡಿಮೆ ಆದಾಯದ ಅಥವಾ ನಗರದ ಹೊರಗಿನ ಪ್ರದೇಶಗಳಿಗೆ ಮಾತ್ರ. 2025ರಲ್ಲಿ ಬಂದ ಕಾನೂನು ಅದನ್ನೂ ಮೊಟಕು ಮಾಡಿದೆ. 2026ರ ಜೂನ್ 30ರೊಳಗೆ ಬಳಕೆಗೆ ಬಂದ ಚಾರ್ಜರ್‌ಗಷ್ಟೇ ಅದು ಸಿಗುತ್ತದೆ.

ಕೆಲಸ ಒಪ್ಪಿಸುವಾಗ ಎಲೆಕ್ಟ್ರಿಷಿಯನ್‌ಗೆ ಸಿ-10 (ಎಲೆಕ್ಟ್ರಿಕಲ್ ಕೆಲಸದ) ಲೈಸೆನ್ಸ್ ಇದೆಯೇ ಅಂತ ಕ್ಯಾಲಿಫೋರ್ನಿಯಾದ ಕಾಂಟ್ರಾಕ್ಟರ್ ಬೋರ್ಡಿನ ವೆಬ್‌ಸೈಟಿನಲ್ಲಿ ನೋಡಿ. ಮನೆ ಕೆಲಸಕ್ಕೆ ಮುಂಗಡವಾಗಿ ಅವರು ಕೇಳಬಹುದಾದದ್ದು ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದು. ಅರ್ಧ ದುಡ್ಡು ಮೊದಲೇ ಕೊಡಿ ಅಂದರೆ ಬೇರೆಯವರನ್ನು ಹುಡುಕಿ. ಚಾರ್ಜರ್ ಆರ್ಡರ್ ಮಾಡುವ ಮುಂಚೆ ಇವತ್ತೇ ಹೋಗಿ ಪ್ಯಾನೆಲ್ ಬಾಗಿಲು ತೆಗೆದು, ಮೇನ್ ಬ್ರೇಕರ್ ಸಂಖ್ಯೆ ಕಾಣುವಂತೆ ಒಂದು ಫೋಟೋ, ಒಳಗಿನ ಲೇಬಲ್‌ನದು ಇನ್ನೊಂದು ಫೋಟೋ ತೆಗೆದಿಡಿ. ಮೂರು ಜನ ಎಲೆಕ್ಟ್ರಿಷಿಯನ್‌ಗಳಿಗೆ ಅದನ್ನು ಕಳಿಸಿ, ದಿನಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ ಅನ್ನುವುದನ್ನೂ ಜೊತೆಗೆ ಬರೆಯಿರಿ.