ಲಕ್ಷ್ಮಿ ಹತ್ತಿಯೊಳಗೆ ಎರಡು ಮನೆತನ

ಗದಗ ಕಡೆಯ ನಮ್ಮ ಎರೆ ಹೊಲದಲ್ಲಿ ಅಪ್ಪ ಜಯಧರ ಹತ್ತಿ ಹಾಕುತ್ತಿದ್ದರು. ಬದುವಿನಾಚೆ ಕಾಕಾನ ಹೊಲದಲ್ಲಿ ಲಕ್ಷ್ಮಿ ಹತ್ತಿ. 1972ರಲ್ಲಿ ಧಾರವಾಡದಲ್ಲಿ ಬಂದ ವರಲಕ್ಷ್ಮಿ ಹೈಬ್ರಿಡ್‌ಗೆ ತಾಯಿ ಇದೇ ಲಕ್ಷ್ಮಿ. ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದಾಗ ಅಪ್ಪ ಕೇಳಿದರು, "ಯವ್ವಾ, ಈ ಎರಡೂ ಹತ್ತಿ ಒಂದ ಮನೆತನದವು ಹೌದಿಲ್ಲೋ?" ನನ್ನ ಪಿಎಚ್‌ಡಿ ಆ ಮಾತಿನಿಂದಲೇ ಶುರುವಾಯಿತು.

ಜೀನುಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮ್, ಜಯಧರದಲ್ಲಿ 26, ಲಕ್ಷ್ಮಿಯಲ್ಲಿ 52. ಇದು ಹಳೆಯ ಲೆಕ್ಕ. ನನಗೆ ಬೇಕಿದ್ದು ಎರಡೂ ಗಿಡದಿಂದ ಒಂದೇ ಜೀನಿನ ಅಕ್ಷರಗಳು.

ಹತ್ತಿ ಎಲೆಯಿಂದ ಡಿಎನ್‌ಎ ತೆಗೆಯುವುದು ಕಷ್ಟದ ಕೆಲಸ. ಎಲೆ ಅರೆದ ಕೂಡಲೇ ಅದರ ಪಾಲಿಫಿನಾಲ್ ಎಂಬ ರಾಸಾಯನಿಕ ಗಾಳಿ ತಾಗಿ ಕಂದಾಗುತ್ತದೆ, ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮೊದಲ ತಿಂಗಳೆಲ್ಲ ಟ್ಯೂಬಿನ ತಳದಲ್ಲಿ ಚಹಾ ಬಣ್ಣದ ಅಂಟು ಮಾತ್ರ. ಜೀನಿನ ತುಂಡಿಗೆ ಸಾಕಷ್ಟು ಪ್ರತಿ ಮಾಡುವ ಪಿಸಿಆರ್ ಆಗಲೇ ಇಲ್ಲ. ಆಮೇಲೆ ಬೆಳಗ್ಗೆ ಬಿಡಿಸಿದ ಎಳೆ ಎಲೆಗಳನ್ನಷ್ಟೇ ತಂದೆ. ಡಿಎನ್‌ಎ ಬಿಡಿಸುವ ಸಿಟ್ಯಾಬ್ ದ್ರಾವಣಕ್ಕೆ ಪಾಲಿಫಿನಾಲ್ ಹಿಡಿಯುವ ಪಿವಿಪಿ ಸೇರಿಸಿದೆ, ಕಂದಾಗದಂತೆ ತಡೆಯುವ ಮರ್ಕ್ಯಾಪ್ಟೋಎಥನಾಲ್ ಸ್ವಲ್ಪ ಜಾಸ್ತಿ ಹಾಕಿದೆ. ಆಗ ಬಂತು ನೋಡಿ, ಬೆಳ್ಳನೆಯ ಎಳೆ!

ಜಯಧರದ ಸೀಕ್ವೆನ್ಸ್, ಅಂದರೆ ಜೀನಿನ ಅಕ್ಷರಗಳ ಸಾಲು, ಚೊಕ್ಕವಾಗಿತ್ತು. ಲಕ್ಷ್ಮಿಯದ್ದು ಗಲೀಜು. ಅಲ್ಲಲ್ಲಿ ಒಂದೇ ಜಾಗದಲ್ಲಿ ಎರಡು ಗೆರೆ ಮೇಲೆದ್ದಿದ್ದವು, ಒಂದು 'ಎ', ಇನ್ನೊಂದು 'ಜಿ'. ಸ್ಯಾಂಪಲ್ ಕಲಬೆರಕೆ ಆಗಿದೆ ಅಂದುಕೊಂಡು ಮೂರು ಸಲ ಮೊದಲಿಂದ ಮಾಡಿದೆ. ಮತ್ತೆ ಅದೇ ಜಾಗ, ಅದೇ ಎರಡು ಗೆರೆ. ಕೊಳೆಯಾಗಿದ್ದರೆ ಪ್ರತಿ ಸಲ ಅದೇ ಜಾಗಕ್ಕೆ ಬರುತ್ತಿರಲಿಲ್ಲ, ಅಲ್ವಾ? ಆ ರಾತ್ರಿ ನಿದ್ದೆ ಬರಲಿಲ್ಲ. 10–20 ಲಕ್ಷ ವರ್ಷಗಳ ಹಿಂದೆ ಎರಡು ಬೇರೆ ಜಾತಿಯ ಹತ್ತಿ ಕೂಡಿ ಲಕ್ಷ್ಮಿಯ ಪೂರ್ವಜ ಹುಟ್ಟಿತ್ತು. ಎರಡೂ ಕಡೆಯ ಜೀನ್ ಇಂದಿಗೂ ಅದರೊಳಗಿವೆ. ನಾನು ಎರಡನ್ನೂ ಒಟ್ಟಿಗೆ ಓದುತ್ತಿದ್ದೆ.

ಎರಡನ್ನೂ ಬೇರ್ಪಡಿಸಲು ಜೀನಿನ ತುಂಡುಗಳನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಒಂದೊಂದು ಕಾಲೊನಿಯನ್ನೂ ಬೇರೆ ಬೇರೆ ಓದಿಸಿದೆ. ಎರಡು ಗುಂಪು ಸಿಕ್ಕವು. ಒಂದು ನಮ್ಮ ಜಯಧರಕ್ಕೆ ತೀರ ಹತ್ತಿರ. ಇನ್ನೊಂದು ಪೆರು ದೇಶದ ಕಾಡು ಹತ್ತಿಯ ಕಡೆಯದು. ಒಂದೇ ಜೀನ್ ನಂಬಬಾರದು ಅಂತ ಇನ್ನೂ ಐದು ಜೀನ್ ನೋಡಿದೆ.

ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ, "ಅರ್ಧ ನಮ್ಮ ಮನೆತನದ್ದು, ಅರ್ಧ ಹೊರಗಿಂದು." ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, "ಹಂಗಾದ್ರ ಇವೆರಡನ್ನ ಕೂಡಿಸಿದ್ರ ಬೀಜ ಯಾಕ ಕಟ್ಟೂದಿಲ್ಲ?" ಅಂದರು. ನೆಲದ ಮೇಲೆ ಹತ್ತಿ ಬೀಜ ಇಟ್ಟು ತೋರಿಸಿದೆ. ಕೂಡಿ ಹುಟ್ಟಿದ ಗಿಡಕ್ಕೆ ಎರಡೂ ಕಡೆಯಿಂದ ಅರ್ಧರ್ಧ ಕ್ರೋಮೋಸೋಮ್ ಬರುತ್ತವೆ: ಜಯಧರದಿಂದ 13, ಲಕ್ಷ್ಮಿಯಿಂದ 26, ಒಟ್ಟು 39. ಜೋಡಿ ಮಾಡುತ್ತಾ ಹೋದರೆ 13 ಒಂಟಿಯಾಗಿ ಉಳಿಯುತ್ತವೆ, ಅದಕ್ಕೇ ಆ ಗಿಡ ಬೀಜ ಕಟ್ಟುವುದಿಲ್ಲ. ಅಪ್ಪ ಆ ಹದಿಮೂರನ್ನೂ ತಾವೇ ಎಣಿಸಿ ಬದಿಗಿಟ್ಟರು.